ಗಾಜಿನ ಮನೆಯ ಗಂಡ ಹೆಂಡತಿ

ಗಾಜಿನ ಮನೆ ಕೀಳುತ್ತಾರೆ ಎಂಬ ಸುದ್ದಿ ತಂದವಳು ಮೇಲಿನ ಮಹಡಿಯ ನರ್ಸಮ್ಮ. ಕೆಲಸ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ, ಮೆಟ್ಟಿಲ ಮೇಲಿಂದಲೇ ಕೂಗಿದಳು.

“ಅಕ್ಕಾ, ನಿಮ್ಮ ತವರುಮನೆ ಒಡೀತಾರಂತಲ್ಲ!”

“ತವರುಮನೆ ಅಲ್ಲ ಕಣೇ, ಅದು ಗಂಡನ ಮನೆ,” ಎಂದು ಕೆಳಗಿನ ಮನೆಯ ಇವಳು ನಕ್ಕಳು. ನಗುತ್ತಲೇ ಒಳಗೆ ಬಂದು, ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗುವವರೆಗೂ ಅದನ್ನೇ ನೋಡುತ್ತಾ ನಿಂತಳು. ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದ ಗಂಡನಿಗೂ ಮಾತು ಕೇಳಿಸಿತ್ತು. ಅವನು ಪುಟ ತಿರುಗಿಸಿದ, ಅಷ್ಟೆ.

ಊರಿನ ನಡುಮಧ್ಯೆ, ನಾಲ್ಕು ರಸ್ತೆ ಸೇರುವ ಕಡೆ, ಅವರಿಬ್ಬರೂ ದುಡಿದ ಫರ್ನಿಚರ್ ಅಂಗಡಿಯಿತ್ತು. ಅಂಗಡಿಯ ಮುಂಭಾಗಕ್ಕೆ ಗೋಡೆಯೇ ಇರಲಿಲ್ಲ. ಈ ರಸ್ತೆಯಿಂದ ಆ ರಸ್ತೆಗೆ ಮೂಲೆಯಲ್ಲಿ ನುಣ್ಣಗೆ ಬಾಗಿಕೊಂಡು ಹೋದ ಒಂದೇ ಗಾಜು, ಎರಡಾಳೆತ್ತರ. ಬಸ್ಸಿನ ಕಂಡಕ್ಟರುಗಳು ನಿಲ್ದಾಣದ ನಿಜವಾದ ಹೆಸರನ್ನು ಎಂದೋ ಮರೆತಿದ್ದರು. “ಗಾಜಿನ ಮನೆ, ಗಾಜಿನ ಮನೆ, ಇಳೀರಿ ಬೇಗ” ಎನ್ನುತ್ತಿದ್ದರು. ಹುಡುಗ ಹುಡುಗಿ ಭೇಟಿಯಾಗುವುದು, ಸಾಲ ಕೊಟ್ಟವರಿಗೆ ಸಿಕ್ಕಿಬೀಳುವುದು, ಹೊರಗಿನಿಂದ ಬಂದ ನೆಂಟರು ಕಾಯುತ್ತಾ ನಿಲ್ಲುವುದು ಎಲ್ಲ ಅದರ ಮುಂದೆಯೇ.

ಇವಳು ಅಲ್ಲಿಗೆ ಬಂದಾಗ ಇನ್ನೂ ಮದುವೆಯಾಗದ ಹುಡುಗಿ. ಪರದೆ ವಿಭಾಗದಲ್ಲಿ ಬಟ್ಟೆ ಅಳೆದು, ನೆರಿಗೆ ಹಿಡಿದು ಹೊಲಿಯುವ ಕೆಲಸ. ಅವನು ಹಿಂದಿನ ಶೆಡ್ಡಿನಲ್ಲಿ ಮರಕ್ಕೆ ಪಾಲಿಶ್ ಹಾಕುವವನು. ಕೈಬೆರಳೆಲ್ಲ ಸದಾ ಕಂದು. ಅಂಗಡಿಯ ಯಜಮಾನರು ಒಂದು ದಿನ ಗಾಜಿನೊಳಗೆ ಜೋಡಿಸಿಟ್ಟಿದ್ದ ಸೋಫಾ, ಊಟದ ಮೇಜು, ಮಂಚವನ್ನೆಲ್ಲ ರಸ್ತೆಯ ಆಚೆ ನಿಂತು ನೋಡಿ, ಒಳಗೆ ಬಂದು ಹೇಳಿದರು: “ಖಾಲಿ ಇದ್ದರೆ ಸೋಫಾ ಅಂದ್ರೆ ಬರೀ ಮರ, ಸ್ಪಂಜು ಕಣ್ರಯ್ಯಾ. ಅದರ ಮೇಲೊಂದು ಸಂಸಾರ ಕೂರಬೇಕು.” ಸುತ್ತ ಒಮ್ಮೆ ಕಣ್ಣಾಡಿಸಿ, ಪರದೆ ಹಿಡಿದು ನಿಂತಿದ್ದ ಇವಳನ್ನೂ, ಡಬ್ಬ ಹಿಡಿದು ಬರುತ್ತಿದ್ದ ಅವನನ್ನೂ ಬೆರಳು ಮಾಡಿ ತೋರಿಸಿದರು. “ನೀನು ಹೆಂಡತಿ. ನೀನು ಗಂಡ. ಹೋಗಿ ಕೈ ತೊಳ್ಕೊಂಡು ಬಾ.”

ಸಂಜೆ ರಸ್ತೆ ತುಂಬುವ ಹೊತ್ತಿಗೆ ಇಬ್ಬರೂ ಒಳಗೆ ಹೋಗಿ ಕೂರಬೇಕು. ಟೀ ಕುಡಿಯಬೇಕು, ಪೇಪರ್ ಓದಬೇಕು, ಹಾಸಿಗೆ ಹೊದಿಕೆ ಮಡಚಬೇಕು. ರಸ್ತೆಗೆ ಬೆನ್ನು ಹಾಕುವಂತಿಲ್ಲ, ಆಕಳಿಸುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಮಂಚದ ಅಂಚಿನಲ್ಲಿ ಕೂರಬಹುದು, ಮಲಗಿದರೆ ಅಂಗಡಿಯ ಮಾನ ಹೋಯಿತು. ಟೀ ಕಪ್ಪಿನಲ್ಲಿ ಟೀ ಇರುತ್ತಿರಲಿಲ್ಲ, ಬಿಸಿ ಹಬೆಗೆ ಗಾಜು ಮಂಜಾಗುತ್ತದೆ ಎಂದು. ಖಾಲಿ ಕಪ್ಪನ್ನೇ ಊದಿ ಊದಿ ಕುಡಿಯಬೇಕು.

ಮನೆಯಲ್ಲಿ ಅವಳ ಅಮ್ಮ ಹೌಹಾರಿದಳು. “ಮದುವೆಯಾಗದ ಹುಡುಗಿ ಇಡೀ ಊರಿಗೆ ಕಾಣೋ ಹಾಗೆ ಯಾವನಿಗೋ ಹೆಂಡತಿಯಾಗಿ ಕೂರೋದಾ?” ಎಂದು ಅತ್ತಳು, ಬೈದಳು, ಕೊನೆಗೆ ಸೋತಳು. “ಇನ್ನು ನಿನ್ನನ್ನ ಬೇರೆ ಯಾರು ಕಟ್ಕೋತಾರೆ? ಅವನನ್ನೇ ಕಟ್ಕೊಂಡು ಹಾಳಾಗಿ ಹೋಗು.” ಮಗಳು ಹಾಳಾಗಲು ತುದಿಗಾಲಲ್ಲಿ ನಿಂತಿದ್ದಳು. ಏಕೆಂದರೆ ಶೆಡ್ಡಿನಲ್ಲಿ ಬಾಯಿಯೇ ಬಿಡದ ಆ ಪಾಲಿಶಿನವನು ಗಾಜಿನೊಳಗೆ ಬಂದರೆ ಬೇರೆಯೇ ಮನುಷ್ಯ. ಹೊರಗಿನವರಿಗೆ ಒಳಗಿನ ಮಾತು ಕೇಳುತ್ತಿರಲಿಲ್ಲ. ಪೇಪರಿನಿಂದ ತಲೆಯೆತ್ತದೆ, ಮುಖದ ಒಂದು ಗೆರೆ ಅಲುಗಿಸದೆ ಅವನು ಹೇಳುತ್ತಿದ್ದ: “ಬಲಗಡೆ ನಿಂತಿರೋ ಕೊಡೆಯವರನ್ನ ನೋಡು. ಇದು ಮೂರನೇ ಸುತ್ತು. ಸೋಫಾ ನೋಡ್ತಿಲ್ಲ, ಗಾಜಲ್ಲಿ ತಮ್ಮ ಕ್ರಾಪು ನೋಡ್ಕೋತಿದಾರೆ.” ಇವಳು ನಗು ತಡೆಯಲಾರದೆ ಖಾಲಿ ಕಪ್ಪಿನೊಳಗೆ ಮುಖ ಹುದುಗಿಸುವಳು. ಹೊರಗಿದ್ದವರಿಗೆ ಎಷ್ಟು ಅನ್ಯೋನ್ಯವಾದ ಜೋಡಿ ಎನಿಸುವುದು. ಸೋಫಾ ಮಾರಾಟವಾಗುವುದು.

ಮದುವೆಯಾಯಿತು. ಒಂದೇ ಕೋಣೆಯ ಬಾಡಿಗೆ ಮನೆ. ಆ ಕೋಣೆಯಲ್ಲಿ ಗಾಜಿನ ಮನೆಯ ಮಂಚ ಹಿಡಿಸುವಷ್ಟೂ ಜಾಗವಿರಲಿಲ್ಲ. ಆದರೂ ನಗುವಿಗೆ ಕೊರತೆಯಿರಲಿಲ್ಲ.

ಅವಳು ಬಸುರಾದದ್ದು ಊರಿಗೆಲ್ಲ ಗೊತ್ತಾಯಿತು, ಗೊತ್ತಾಗದೆ ಇರಲು ಅಲ್ಲಿ ಮರೆಯೆಲ್ಲಿತ್ತು? ಬಸ್ಸಿನ ಕಿಟಕಿಯಲ್ಲಿ ಕೂತ ಹೆಂಗಸರು ಅವಳ ಹೊಟ್ಟೆಯನ್ನು ದಿನವೂ ಕಣ್ಣಲ್ಲೇ ಅಳೆದರು. ಎದುರುಗಡೆಯ ಟೈಲರು ಅಂಗಡಿಯ ಬಾಗಿಲಲ್ಲಿ ನಿಂತು, ಎದ್ದೇಳುವಾಗ ನಿಧಾನ ಎಂದು ಕೈಸನ್ನೆ ಮಾಡುವನು. ದಪ್ಪ ಕನ್ನಡಕದ ಟೀಚರಮ್ಮ ಒಬ್ಬರು ಶಾಲೆ ಬಿಟ್ಟು ಅದೇ ದಾರಿಯಲ್ಲಿ ಹೋಗುತ್ತಿದ್ದರು. ಅವರು ದಿನಾ ಗಾಜಿನ ಹತ್ತಿರ ಬಂದು, ಊಟ ಮಾಡಿದೆಯಾ ಎಂದು ಬಾಯಿಗೆ ಕೈ ತೋರಿಸಿ ಕೇಳಿ ಹೋಗುವರು. ಯಜಮಾನರು ಒಂದು ತೊಟ್ಟಿಲು ಮಾಡಿಸಿದರು. ಅವನು ಅದಕ್ಕೆ ಎರಡೆರಡು ಸಲ ಪಾಲಿಶ್ ಹಾಕಿ, ಮಗುವಿಗೆ ವಾಸನೆ ತಾಗಬಾರದೆಂದು ಶೆಡ್ಡಿನ ಹೊರಗೆ ಗಾಳಿಗಿಟ್ಟ. ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಗುಬ್ಬಿ ಎಂದು ಹೆಸರಾಯಿತು. ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ, ಅದಕ್ಕೆ.

ಹೆರಿಗೆ ಕಷ್ಟವಾಯಿತು. ಡಾಕ್ಟರು ಅವಳಿಗೆ ಪ್ರಜ್ಞೆ ತಪ್ಪಿಸಿದರು. ಮತ್ತೆ ಕಣ್ಣುಬಿಟ್ಟಾಗ ಹೊಟ್ಟೆ ಹಗುರವಾಗಿತ್ತು, ಪಕ್ಕದಲ್ಲಿ ಏನೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವನೂ ಅವಳ ಅಣ್ಣನೂ ಹೋಗಿ ಎಲ್ಲ ಮುಗಿಸಿ ಬಂದಿದ್ದರು. ಅವನ ಚಪ್ಪಲಿಗೆ ಹಸಿಮಣ್ಣು ಮೆತ್ತಿತ್ತು.

“ಏನಾಗಿತ್ತು?” ಎಂದಳು.

“ಹೆಣ್ಣು,” ಎಂದ. ಹೊದಿಕೆ ಸರಿಮಾಡಿ, “ಮಲಕ್ಕೋ,” ಎಂದ.

ಮನೆಗೆ ಬಂದ ಮೇಲೆ ಇವಳು ಒಮ್ಮೆ ಮಗುವಿನ ಮಾತೆತ್ತಿದಳು. ಅವನು ತಟ್ಟೆಯ ಮುಂದಿನಿಂದ ಎದ್ದು, ಕೈ ಕೂಡ ತೊಳೆಯದೆ ಹೊರಗೆ ಹೋಗಿಬಿಟ್ಟ. ಆಮೇಲೆ ಇವಳು ಕೇಳಲಿಲ್ಲ. ಆ ಒಂದು ಕೋಣೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಾಗದಂತೆ ಓಡಾಡುವುದನ್ನು ಕಲಿತರು.

ಯಜಮಾನರು ಇನ್ನು ಗಾಜಿನೊಳಗೆ ಕೂರುವುದು ಬೇಡವೆಂದರು. ಇವಳೇ ಹಟ ಹಿಡಿದಳು. ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ಅದು ವಾಸಿ ಎನಿಸಿತ್ತು. ಒಳಗೆ ಹೋದಾಗ ತೊಟ್ಟಿಲಿದ್ದ ಜಾಗದಲ್ಲಿ ಪುಸ್ತಕದ ಕಪಾಟು ನಿಂತಿತ್ತು. ಹೊರಗೆ ಜನ ನೋಡಿ ಕೈಬೀಸಿದರು. ಟೀಚರಮ್ಮ ಓಡೋಡಿ ಬಂದರು. ಎರಡೂ ಕೈ ಮಡಚಿ, ಎದೆಯ ಮುಂದೆ ತೂಗಿ, ಹುಬ್ಬೇರಿಸಿ ಕೇಳಿದರು. ಗಂಡೋ ಹೆಣ್ಣೋ?

ಇವಳು ತಲೆಯಲ್ಲಾಡಿಸಿದಳು. ಟೀಚರಮ್ಮನಿಗೆ ಅರ್ಥವಾಗಲಿಲ್ಲ. ನಗುತ್ತಾ ಮತ್ತೆ ತೂಗಿದರು. ಆಗ ಅವನು ಎದ್ದು ಹೋಗಿ, ಇವಳೇ ಹೊಲಿದ ಪರದೆಯ ಹಗ್ಗ ಹಿಡಿದು ಎಳೆದ. ಇಡೀ ಬೀದಿ ಮರೆಯಾಯಿತು. ಹಗ್ಗ ಹಿಡಿದುಕೊಂಡು, ಇವಳಿಗೆ ಬೆನ್ನು ಹಾಕಿ ಅವನು ಬಹಳ ಹೊತ್ತು ನಿಂತ. ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ಪರದೆ ಸರಿಸಿ ಬಂದು ಕೂತ. ಮುಖದಲ್ಲಿ ಹಳೆಯ ನಗು.

“ಟೀ ಹಾಕ್ಲಾ?” ಎಂದ.

“ಹಾಕಿ.”

ಹೀಗೇ ಕೆಲವು ವಾರ ಕಳೆದವು. ಒಂದು ಸಂಜೆ ಇವಳು ಹೊದಿಕೆಯ ಎರಡು ತುದಿ ಹಿಡಿದು, ಬೀದಿಯ ಕಡೆಗೆ ನಗುಮುಖ ಮಾಡಿಕೊಂಡೇ, ಅಂದಳು: “ರೀ, ನಮ್ಮ ಗುಬ್ಬಿ ಇದ್ದಿದ್ರೆ ಇವತ್ತಿಗೆ ಮೂರು ತಿಂಗಳು.”

ಹೊದಿಕೆಯ ಇನ್ನೆರಡು ತುದಿ ಹಿಡಿದಿದ್ದ ಅವನ ಕೈ ನಿಂತಿತು. ಹೊರಗೆ ಜನ ನೋಡುತ್ತಿದ್ದರು. ಎದ್ದು ಹೋಗುವಂತಿರಲಿಲ್ಲ. ಅವನು ತುದಿ ಕೂಡಿಸಿ ಮಡಚಿದ.

“ಕತ್ತು ನಿಂತಿರೋದು,” ಎಂದ.

ಅಲ್ಲಿಂದ ಗುಬ್ಬಿ ಗಾಜಿನೊಳಗೆ ಬೆಳೆಯತೊಡಗಿದಳು. ಮಗುಚಿಕೊಂಡಳು, ಅಂಬೆಗಾಲಿಟ್ಟಳು, ಕಂಡಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಳು. ಮನೆಯಲ್ಲಿ ಅವಳ ಹೆಸರೆತ್ತಲಾಗದ ಇಬ್ಬರು ಇಲ್ಲಿ, ನಗುವ ಮುಖ ಹೊತ್ತುಕೊಂಡು, ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಮುಖ ಕುಸಿಯಲು ಬೀದಿ ಬಿಡುತ್ತಿರಲಿಲ್ಲ. ಹಾಗಾಗಿ ಎದೆಯೂ ಹೇಗೋ ನಿಲ್ಲುತ್ತಿತ್ತು. ಮತ್ತೆ ಮಕ್ಕಳಾಗಲಿಲ್ಲ. ಗುಬ್ಬಿ ಶಾಲೆಗೆ ಸೇರಿದಳು. ಲೆಕ್ಕದಲ್ಲಿ ದಡ್ಡಿ, ಬಾಯಲ್ಲಿ ಭಾರಿ ಜೋರು.

“ಅಪ್ಪನ ಹಾಗೆ,” ಎಂದು ಇವಳು.

“ನನ್ನ ಬಾಯಿ ಯಾವಾಗ ಜೋರಿತ್ತು? ಅದು ನಿಮ್ಮಮ್ಮನ ಕಡೆಯಿಂದ ಬಂದಿದ್ದು,” ಎಂದು ಅವನು.

ಒಂದು ಸಲ ಗುಬ್ಬಿಯನ್ನು ಶಾಲೆಯವರ ಜೊತೆ ದೂರದ ಪ್ರವಾಸಕ್ಕೆ ಕಳಿಸುವುದೋ ಬೇಡವೋ ಎಂದು ನಿಜವಾಗಿಯೂ ಜಗಳವಾಯಿತು. ಅವನು ಬೇಡವೇ ಬೇಡವೆಂದ. ಇವಳು ಕಪ್ಪನ್ನು ಕುಕ್ಕಿದಳು. ಮರುದಿನ ಟೈಲರು ರಸ್ತೆ ದಾಟಿ ಬಂದು, “ಏನಮ್ಮಾ, ನಿನ್ನೆ ಮನೆಯವರ ಜೊತೆ ಜೋರಾಗಿ ನಡೀತಿತ್ತು?” ಎಂದು ಕೇಳಿದ್ದಕ್ಕೆ, “ಮಗಳ ವಿಷಯ” ಎಂದುಬಿಟ್ಟಳು. ಟೈಲರು ತಲೆ ತಗ್ಗಿಸಿ ಹೊರಟುಹೋದ.

ಆ ಇಬ್ಬರ ತಲೆ ನರೆಯುವುದನ್ನೂ ಬೀದಿ ನೋಡಿತು. ಗುಬ್ಬಿಗೆ ಕಾಲೇಜಿಗೆ ಹೋಗುವ ವಯಸ್ಸಾದ ವರ್ಷ ಯಜಮಾನರು ತೀರಿಕೊಂಡರು. ಅವರ ಮಕ್ಕಳು ಬಂದು, “ಇದೆಲ್ಲ ಹಳೇ ಕಾಲದ್ದು” ಎಂದು ಆ ಆಟ ನಿಲ್ಲಿಸಿ ಗೊಂಬೆಗಳನ್ನು ತಂದು ಕೂರಿಸಿದರು. ಅವನು ಶೆಡ್ಡಿಗೆ, ಇವಳು ಪರದೆಗೆ ವಾಪಸ್ಸು. ಮಾತು ಅಲ್ಲಿಗೆ ನಿಂತುಹೋಯಿತು. ಇವಳೊಬ್ಬಳೇ ಮನಸ್ಸಿನಲ್ಲಿ ಮಗಳ ಕಾಲೇಜು ಮುಗಿಸಿದಳು, ಅವಳನ್ನು ಕೆಲಸಕ್ಕೆ ಸೇರಿಸಿದಳು, ಒಬ್ಬ ಕೋಲುಮುಖದ ಹುಡುಗನಿಗೆ ಕೊಟ್ಟು ಮದುವೆ ಮಾಡಿದಳು. ಆ ಹುಡುಗ ಅವನಿಗೆ ಒಪ್ಪಿಗೆಯಾಗುತ್ತಾನೋ ಇಲ್ಲವೋ ಎಂದು ಕೇಳಲು ಜಾಗವೇ ಇರಲಿಲ್ಲ. ನಿವೃತ್ತಿಯಾದ ಮೇಲೂ ಪೇಟೆಗೆ ಹೋದಾಗಲೆಲ್ಲ ಗಾಜಿನ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದಳು.

ನರ್ಸಮ್ಮ ಸುದ್ದಿ ತಂದ ವಾರವೇ ಫೋನ್ ಬಂತು. ಅಂಗಡಿಯನ್ನು ಕೊಂಡ ಕಂಪನಿಯ ಹುಡುಗಿ. “ನೀವು ಗಾಜಿನ ಮನೆ ಆಂಟಿ ಅಲ್ವಾ? ನಮ್ಮಮ್ಮ ನಿಮ್ಮನ್ನ ನೋಡೇ ಸೋಫಾ ತಗೊಂಡಿದ್ದಂತೆ!” ಗಾಜು ಹೋಗಿ ತಗಡಿನ ಮುಖ ಬರುತ್ತದೆ, ಅದರ ಮೇಲೆ ಜಾಹೀರಾತಿನ ದೊಡ್ಡ ಪರದೆ. ತೆಗೆಯುವ ಮುಂಚಿನ ದಿನ ಅಂಕಲ್ ಆಂಟಿ ಒಂದೇ ಒಂದು ಸಲ ಒಳಗೆ ಬಂದು ಕೂತರೆ ಫೋಟೋ ತೆಗೆಸುತ್ತೇವೆ ಎಂದಳು.

“ನನ್ನ ಕೈಲಾಗಲ್ಲ,” ಎಂದ ಗಂಡ.

“ನನಗೋಸ್ಕರ ಬನ್ನಿ.”

“ಅಲ್ಲೇನಿದೆ ಈಗ?”

“ಬನ್ನಿ ಅಂದ್ರೆ ಬನ್ನಿ.”

ಇವಳಿಗೆ ಫೋಟೋ ಬೇಕಿರಲಿಲ್ಲ. ಗುಬ್ಬಿಯ ಬಗ್ಗೆ ಹೇಳುವುದು ಅಷ್ಟು ಕೂಡಿಬಿದ್ದಿತ್ತು. ಹೋಗುವ ದಿನ ಬೆಳಿಗ್ಗೆಯಿಂದ ಎದೆ ಹದಿಹರೆಯದವಳ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಅವನು ನುಣ್ಣಗೆ ಗಡ್ಡ ತೆಗೆದುಕೊಂಡು, ಸಡಿಲವಾಗಿ ಹೋಗಿದ್ದ ಹಳೆಯ ಕೋಟು ಹಾಕಿಕೊಂಡು, ಮಾತಿಲ್ಲದೆ ಜೊತೆಗೆ ಬಂದ.

ಅಂಗಡಿ ಖಾಲಿಯಾಗಿತ್ತು. ಎಲ್ಲಿಂದಲೋ ಒಂದು ಸೋಫಾ, ಪುಟ್ಟ ಮೇಜು, ಎರಡು ಕಪ್ಪು ತಂದಿಟ್ಟಿದ್ದರು. ಕಂಪನಿಯ ಹುಡುಗಿ ಇಬ್ಬರನ್ನೂ ಕೂರಿಸಿ, ಬಾಗಿಲೆಳೆದುಕೊಂಡು ಫೋಟೋದವರ ಜೊತೆ ಹೊರಗೆ ನಿಂತಳು. ಬೀದಿಯಲ್ಲಿ ಜನ ಜಮಾಯಿಸಿದರು. ಗಾಜಿಗೆ ಆಗಲೇ ಅಲ್ಲಲ್ಲಿ ಕೆಂಪು ಟೇಪಿನ ಗುರುತು ಹಚ್ಚಿದ್ದರು. ಗುಂಪಿನಲ್ಲಿ ಟೈಲರೂ ಇದ್ದ, ಕೋಲೂರಿಕೊಂಡು.

ಬಾಗಿಲು ಮುಚ್ಚಿದ್ದೇ ತಡ, ಹೊರಗಿನ ಸದ್ದೆಲ್ಲ ನಿಂತಿತು. ಆ ಮೌನ ಇವಳಿಗೆ ಗೊತ್ತಿದ್ದ ಮೌನ. ಕಪ್ಪು ಎತ್ತಿಕೊಂಡಳು. ಮುಖದ ಮೇಲೆ ನಗು ತಾನಾಗಿ ಬಂತು.

“ರೀ, ಗುಬ್ಬಿ ಇದ್ದಿದ್ರೆ ಇಷ್ಟೊತ್ತಿಗೆ ಅವಳಿಗೇ ಒಂದು ಮರಿ ಇರೋದು ಅಲ್ವಾ? ನಿಮಗೆ ಹೇಳೋದು ಎಷ್ಟಿದೆ ಗೊತ್ತಾ...”

“ಸಾಕು ಕಣೇ,” ಎಂದ ಅವನು. ಅವನೂ ನಗುತ್ತಿದ್ದ. ಮುಖಕ್ಕೆ ಹಳೆಯ ಕೆಲಸ ನೆನಪಿತ್ತು. “ಇನ್ನು ಸಾಕು ಮಾಡು.”

“ಯಾಕೆ?”

“ನನಗೆ ಅವಳು ಬೆಳೀಲೇ ಇಲ್ಲ. ಒಂದು ದಿನಾನೂ ಬೆಳೀಲಿಲ್ಲ.”

ಇವಳ ಕೈಯಲ್ಲಿ ಕಪ್ಪು ಹಾಗೇ ನಿಂತಿತು. “ಮತ್ತೆ ಅಷ್ಟು ವರ್ಷ ಇಲ್ಲಿ ಕೂತು ಹೇಳ್ತಿದ್ದಿದ್ದು? ಶಾಲೆ, ಪ್ರವಾಸ...”

“ನೀನು ಕೇಳ್ತಿದ್ದೆ. ನಾನು ಹೇಳ್ತಿದ್ದೆ. ಮನೇಲಿ ನಿನ್ನ ಮುಖ ನೋಡೋಕಾಗ್ತಿರಲಿಲ್ಲ ಕಣೇ. ಇಲ್ಲಾದರೂ ನಗ್ತಾಳಲ್ಲ ಅಂತ.”

“ಜಗಳ ಆಡಿದ್ರಲ್ಲ. ನಿಜವಾಗಿ ಕೋಪ ಮಾಡ್ಕೊಂಡಿದ್ರಿ.”

“ಕೋಪ ಬರ್ತಿತ್ತು. ಮಣ್ಣಲ್ಲಿ ಇಟ್ಟು ಬಂದವನ ಹತ್ರ ಪ್ರವಾಸಕ್ಕೆ ಕಳಿಸ್ಲಾ ಅಂತ ಕೇಳಿದ್ರೆ ಕೋಪ ಬರಲ್ವಾ?” ಅವನ ದನಿ ಒಡೆಯಿತು, ಮುಖ ಮಾತ್ರ ಬೀದಿಯ ಕಡೆಗೆ ನಗುತ್ತಲೇ ಇತ್ತು. “ನೀನು ಅವಳ ಮುಖ ನೋಡಿರಲಿಲ್ಲ. ಅದಕ್ಕೆ ನಿನಗೆ ಬೇಕಾದ ಮುಖ ಇಟ್ಟು ಬೆಳೆಸೋಕಾಯ್ತು. ನಾನು ನೋಡಿದ್ದೆ. ಆ ಮುಖ ಬಿಟ್ಟು ಬೇರೆ ಮುಖ ನನಗೆ ಬರಲೇ ಇಲ್ಲ.”

ಹೊರಗಿನಿಂದ ಹುಡುಗಿ ಗಾಜು ತಟ್ಟಿ, ಎರಡೂ ಕೈಯನ್ನು ಹತ್ತಿರ ತಂದು ತೋರಿಸಿದಳು. ಇನ್ನೂ ಸ್ವಲ್ಪ ಹತ್ತಿರ ಕೂತುಕೊಳ್ಳಿ. ಇಬ್ಬರೂ ಸರಿದು ಕೂತರು. ಅವನ ಕೋಟಿನ ತೋಳು ಇವಳ ತೋಳಿಗೆ ತಾಗಿತು.

ಎಷ್ಟೋ ವರ್ಷ ಕೇಳದೆ ಉಳಿದದ್ದನ್ನು ಇವಳು ಆಗ ಕೇಳಿದಳು. “ಹೇಗಿತ್ತು ಮುಖ?”

ಅವನು ಖಾಲಿ ಕಪ್ಪನ್ನು ತುಟಿಗೆ ಇಟ್ಟು ಇಳಿಸಿದ.

“ಕಿವಿ ಮೇಲೆಲ್ಲ ಸಣ್ಣ ಕೂದಲಿತ್ತು. ಹುಬ್ಬು ಗಂಟು ಹಾಕ್ಕೊಂಡಿತ್ತು, ಯಾರೋ ನಿದ್ದೆ ಕೆಡಿಸಿದ್ರು ಅನ್ನೋ ಹಾಗೆ. ಗಲ್ಲ ನಿನ್ನದೇ. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ನಿಮ್ಮಣ್ಣ ಮುಚ್ಚೋಕೆ ಹೋದ. ನಾನು ಬೇಡ ಅಂದೆ. ನೋಡೋಷ್ಟು ನೋಡ್ಲಿ ಅಂದೆ.”

ಇವಳು ಬೆಳೆಸಿದ ಗುಬ್ಬಿಗೆ ದುಂಡು ಮುಖ, ಅಗಲ ಹಣೆ, ಸದಾ ಅರಳಿದ ಕಣ್ಣು. ಗಂಟು ಹಾಕಿದ ಹುಬ್ಬು ಆ ಮುಖದಲ್ಲಿ ಎಲ್ಲೂ ಕೂರಲಿಲ್ಲ. ಕೂರಿಸಲು ನೋಡುತ್ತಿದ್ದಂತೆ ಆ ಮುಖವೇ ಕರಗಿ ಹೋಯಿತು. ಜಡೆ ಹೋಯಿತು, ಶಾಲೆಯ ಚೀಲ ಹೋಯಿತು, ಕೋಲುಮುಖದ ಅಳಿಯ ಹೋದ. ಕಪ್ಪು ಕೈಜಾರಿ ಮೇಜಿನ ಮೇಲೆ ಉರುಳಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಆ ಬೀದಿ ಅವಳಲ್ಲಿ ಎಂದೂ ಕಾಣದ ಹಾಗೆ ಅತ್ತಳು. ಅವನು ಪಕ್ಕದಲ್ಲಿ ಕೈಕಟ್ಟಿಕೊಂಡು ಕೂತಿದ್ದ. ಹತ್ತಿರ ತೆಗೆದುಕೊಳ್ಳಲು ಕೈ ಚಾಚಿದ, ಅರ್ಧಕ್ಕೆ ನಿಲ್ಲಿಸಿದ.

ಹೊರಗೆ ಕ್ಯಾಮೆರಾಗಳು ಬಿಡುವಿಲ್ಲದೆ ಮಿಂಚಿದವು. ಕಂಪನಿಯ ಹುಡುಗಿಯ ಕಣ್ಣಲ್ಲೂ ನೀರು. ಮರುದಿನ ಪೇಪರಿನಲ್ಲಿ ದೊಡ್ಡ ಫೋಟೋ ಬಂತು, ‘ಗಾಜಿನ ಮನೆಗೆ ಕಣ್ಣೀರಿನ ವಿದಾಯ’ ಎಂದು. ನರ್ಸಮ್ಮ ಅದನ್ನು ಕತ್ತರಿಸಿ ತಂದುಕೊಟ್ಟಳು. “ಅಕ್ಕಾ, ಒಂದು ಗಾಜಿಗೆ ಇಷ್ಟು ಅಳೋದಾ!” ಎಂದಳು. ಇವಳು “ಹೂಂ ಕಣೇ” ಎಂದು ತೆಗೆದಿಟ್ಟುಕೊಂಡಳು.

ಗಾಜು ತೆಗೆಯುವುದನ್ನು ನೋಡಲು ಇವಳೊಬ್ಬಳೇ ಹೋದಳು. ಟೈಲರು ತನ್ನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಟ್ಟ. ಕೆಲಸದವರು ರಬ್ಬರಿನ ಬಟ್ಟಲಿನಂಥವನ್ನು ಗಾಜಿಗೆ ಕಚ್ಚಿಸಿ, ಹಗ್ಗ ಕಟ್ಟಿ, ಇಡಿಯಾಗಿ ಇಳಿಸಲು ನೋಡಿದರು. ಬಾಗಿದ ಭಾಗ ಬರಲಿಲ್ಲ. ಕೊನೆಗೆ ಕಂಬಳಿ ಹೊದಿಸಿ ಒಡೆದರು. ದಬ್ಬೆಂದು ಒಂದು ಸದ್ದು, ಆಮೇಲೆ ಬಹಳ ಹೊತ್ತು ಸಣ್ಣಸಣ್ಣ ಸದ್ದು. ರಸ್ತೆಯ ಧೂಳು ನೇರವಾಗಿ ಒಳಗೆ ನುಗ್ಗಿತು. ಟೈಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇವಳಿಗೆ ಅಳು ಬರಲಿಲ್ಲ. ಅದು ಯಾರದೋ ಮನೆ ಎನಿಸಿತು.

ಮನೆಗೆ ಬಂದು ಗಂಡನ ಎದುರು ನಿಂತಳು. “ಎಲ್ಲಿ ಇಟ್ಟಿದ್ದೀರೋ ಅಲ್ಲಿಗೆ ಕರ್ಕೊಂಡು ಹೋಗಿ.”

ಅವನು ಪೇಪರ್ ಮಡಚಿದ. ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ. “ನಾಳೆ ಬೆಳಿಗ್ಗೆ,” ಎಂದ.

ಹಳೆಯ ಆಸ್ಪತ್ರೆಯ ಹಿಂದೆ, ಊರು ಆಗ ಮುಗಿಯುತ್ತಿದ್ದ ಕಡೆ, ಮಕ್ಕಳನ್ನು ಹೂಳುವ ಜಾಗ. ಈಗ ಅದರ ಸುತ್ತಲೂ ಮನೆಗಳು ಬಂದಿದ್ದವು. ಕಾವಲಿನವನು ಗೇಟು ತೆಗೆದ. ಗಂಡ ಮುಂದೆ, ಇವಳು ಹಿಂದೆ. ಒಂದು ಕಡೆ ಹೋಗಿ ನಿಂತ. ಎರಡು ಹೆಜ್ಜೆ ಎಡಕ್ಕೆ ಸರಿದ. ಗೋಡೆಯನ್ನು ನೋಡಿದ, ಮತ್ತೆ ಬಲಕ್ಕೆ ಬಂದ.

“ಇಲ್ಲೊಂದು ನಲ್ಲಿ ಇತ್ತು. ಅದರ ಪಕ್ಕ ಒಂದು ಮರ. ಎರಡರ ನಡುವೆ.” ನಲ್ಲಿಯೂ ಇರಲಿಲ್ಲ, ಮರವೂ ಇರಲಿಲ್ಲ. ಎಲ್ಲೆಲ್ಲೂ ಒಂದೇ ಎತ್ತರದ ಹುಲ್ಲು. “ನಾನು ಮತ್ತೆ ಬರಲೇ ಇಲ್ಲ,” ಎಂದ ಅವನು. “ಗುರುತು ಇಟ್ಕೊಂಡಿದ್ದೆ ಅಂದ್ಕೊಂಡಿದ್ದೆ.”

“ಇಲ್ಲೇನಾ?”

“ಇಲ್ಲೇ... ಇಲ್ಲೇ ಎಲ್ಲೋ.”

ಇವಳು ಚಪ್ಪಲಿ ಬಿಟ್ಟು, ಅವನು ನಿಂತಿದ್ದ ಕಡೆಯೇ ಹುಲ್ಲಿನ ಮೇಲೆ ಕೂತಳು. ಬಿಸಿಲೇರುತ್ತಿತ್ತು. ಅವನಿಗೆ ಮಂಡಿನೋವು, ಕೆಳಗೆ ಕೂರಲು ಆಗುವುದಿಲ್ಲ. ಅವಳ ಮೇಲೆ ಬಿಸಿಲು ಬೀಳದ ಹಾಗೆ ಆ ಕಡೆಗೆ ಬಂದು ನಿಂತುಕೊಂಡ.